ಪಿನ್ನಿನ ಹಾದಿಯಲ್ಲಿ ಎಣ್ಣೆ

ಚೀಲದ ಮುದ್ರೆ ಒಡೆಯುವ ಮೊದಲು ಇನ್ಸ್‌ಪೆಕ್ಟರ್ ನನ್ನ ಕೋವಿ ರಿಪೇರಿ ಅಂಗಡಿಯ ಬಾಗಿಲತ್ತ ಒಮ್ಮೆ ನೋಡಿದರು. ಹೊರಗೆ ಮೆಟ್ಟಿಲ ಮೇಲೆ ಪೇದೆ ಕೂತಿದ್ದ. ಮಧ್ಯಾಹ್ನದ ಬಿಸಿಲು ಅವನ ಬೂಟಿನ ತನಕ ಬಂದು ನಿಂತಿತ್ತು.

"ಇದನ್ನ ನಿಮ್ಮ ಹತ್ರ ತರಬಾರದಿತ್ತು," ಅಂದರು. "ಆರೋಪಿಯ ಅಕ್ಕ ನೀವು. ಮೇಲಿನವರಿಗೆ ಗೊತ್ತಾದ್ರೆ ನಾಳೆಯಿಂದ ನಾನೂ ಇಲ್ಲೇ ಎಣ್ಣೆ ಒರೆಸ್ಕೊಂಡು ಕೂರಬೇಕಾಗುತ್ತೆ."

ನಾನು ನಗಲಿಲ್ಲ. ನಗು ಬರುವ ಜಾಗದಲ್ಲಿ ಮೂರು ದಿನದಿಂದ ಕಲ್ಲು ಕೂತಿತ್ತು.

ಮಂಗಳವಾರ ಬೆಳಿಗ್ಗೆ ನ್ಯಾಯಾಲಯದ ಮೆಟ್ಟಿಲ ಮೇಲೆ ನ್ಯಾಯಾಧೀಶರನ್ನು ಯಾರೋ ಒಬ್ಬ ಗುಂಡಿಟ್ಟು ಕೊಂದು ಓಡಿದ್ದ. ಪಕ್ಕದಲ್ಲೇ ಇದ್ದ ಅಂಗರಕ್ಷಕ, ನನ್ನ ತಮ್ಮ, ಪಿಸ್ತೂಲು ಹಿರಿದರೂ ಅದರಿಂದ ಒಂದು ಗುಂಡೂ ಹೊರಟಿರಲಿಲ್ಲ.

ತಮ್ಮನ ಮಾತು ಒಂದೇ. ಪಿಸ್ತೂಲಿನ ಕುದುರೆ ಎಳೆದೆ, ಟಕ್ ಅಂತು, ಗುಂಡು ಹಾರಲಿಲ್ಲ. ಇಲಾಖೆಯ ಮಾತೂ ಒಂದೇ. ಅವನು ಎಳೆಯಲೇ ಇಲ್ಲ, ಕೊಲೆಗಾರನಿಗೆ ದಾರಿ ಬಿಟ್ಟು ನಿಂತ. ಪಿಸ್ತೂಲಿನಲ್ಲಿ ಯಾವ ದೋಷವೂ ಇಲ್ಲವೆಂದು ಶಸ್ತ್ರಾಗಾರದಿಂದ ವರದಿ ಬಂದಾಗಿತ್ತು. ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ತನಿಖಾ ವರದಿಗೆ ಸಹಿ ಹಾಕಬೇಕು. ಹಾಕಿದರೆ ನನ್ನ ತಮ್ಮ ಕೊಲೆಯ ಪಾಲುದಾರ.

"ಅವನು ಸುಳ್ಳು ಹೇಳ್ತಿಲ್ಲ ಅಂತ ನನಗೆ ಅನ್ಸುತ್ತೆ," ಅಂದರು ಇನ್ಸ್‌ಪೆಕ್ಟರ್. "ಆದ್ರೆ ಅನ್ನಿಸಿಕೆಯನ್ನ ಚೀಲಕ್ಕೆ ಹಾಕಿ ಮುದ್ರೆ ಒತ್ತೋಕೆ ಆಗಲ್ಲ."

ಬಟ್ಟೆಯ ಚೀಲದಿಂದ ಪಿಸ್ತೂಲು ಹೊರಬಂತು. ಜೊತೆಗೆ ಅದರ ನಳಿಗೆಯಲ್ಲಿ ಹಾರದೆ ಉಳಿದಿದ್ದ ಗುಂಡು, ಬೇರೆ ಪೊಟ್ಟಣದಲ್ಲಿ. ಅದರ ತಳದಲ್ಲಿ ಸೂಜಿ ಮುಟ್ಟಿದಂಥ ಸಣ್ಣ ಕುಳಿ ಇತ್ತು. ಸರಿಯಾಗಿ ಬಡಿದರೆ ಕಡಲೆಬೇಳೆ ಒತ್ತಿದಷ್ಟು ಆಳ ಬೀಳಬೇಕು. ಗುಂಡು ತುಂಬುವಾಗಲೇ ಬಿದ್ದ ಗುರುತು ಇದು ಎಂದು ವರದಿ ಹೇಳಿತ್ತು. ಹಾಗೂ ಆಗಬಹುದು. ಬಡಿಯಬೇಕಾದದ್ದು ಅರ್ಧ ದಾರಿಯಲ್ಲೇ ಸೋತರೂ ಇಷ್ಟೇ ಗುರುತು ಬೀಳುತ್ತದೆ.

ಅವರು ಗೋಡೆಯ ಕಪಾಟಿನ ಸೀಸೆಗಳನ್ನು ನೋಡುತ್ತಿದ್ದರು. ಇಷ್ಟೊಂದು ಯಾಕೆ ಎಂದು ಕೇಳಿದರು. ಎಣ್ಣೆ ಅಂದರೆ ಎಣ್ಣೆ ತಾನೆ, ನಮ್ಮ ಮನೆಯಲ್ಲಿ ಬಾಗಿಲ ಕೀಲಿಗೂ ಹೊಲಿಗೆ ಮಿಷನ್ನಿಗೂ ಒಂದೇ ಅಂದರು.

"ನಿಮ್ಮ ಬಾಗಿಲು ಕಿರುಗುಟ್ಟಿದ್ರೆ ಯಾರೂ ಸಾಯಲ್ಲ ಸಾರ್."

ನಾನು ಮಾತಾಡುತ್ತಲೇ ಹೋದೆ. ಮೇಲಿನ ಸಾಲಿನದು ಮದ್ದಿನ ಮಸಿ ಬಿಡಿಸುವುದಕ್ಕೆ. ಪಕ್ಕದ ಘಾಟಿನದು ನಳಿಗೆಯೊಳಗೆ ಅಂಟಿದ ತಾಮ್ರ ಕರಗಿಸುವುದಕ್ಕೆ. ಒರೆಸಿದ ಬಟ್ಟೆ ನೀಲಿಯಾದರೆ ತಾಮ್ರ ಬಂತೆಂದು ಅರ್ಥ. ಆದರೆ ಅದನ್ನು ನಿಕ್ಕಲ್ ಲೇಪದ ಪಿಸ್ತೂಲಿನ ಮೇಲೆ ಹಾಗೇ ಬಿಟ್ಟರೆ ಲೇಪವೇ ಎದ್ದು ಬರುತ್ತದೆ. ತುಕ್ಕು ಸಡಿಲಿಸುವ ಸ್ಪ್ರೇ ಒಳ್ಳೆಯದೇ, ಗುಂಡುಗಳ ಹತ್ತಿರ ಮಾತ್ರ ತರಬಾರದು, ತಳದ ಸಂದಿಗೆ ಇಳಿದು ಮದ್ದನ್ನೇ ಸಾಯಿಸುತ್ತದೆ. ತೆಳು ಎಣ್ಣೆ ಚಳಿಗೆ, ಗ್ರೀಸು ಭಾರಕ್ಕೆ. ಕೆಳಗಿನ ಸಾಲಿನ ಅಗಸೆ ಎಣ್ಣೆ ಕೋವಿಗಳ ಮರದ ಹಿಡಿಗೆ. ಅದು ಮರಕ್ಕೆ ತಾಯಿ, ಕಬ್ಬಿಣಕ್ಕೆ ಮಲತಾಯಿ. ಒಣಗುತ್ತ ಒಣಗುತ್ತ ಗೋಂದಾಗುತ್ತದೆ.

"ಇದೆಲ್ಲ ಎಲ್ಲಿ ಕಲಿತ್ರಿ?"

"ಅಪ್ಪ ಹಾಡಿ ಕಲಿಸಿದ್ರು."

ಅದು ತಮಾಷೆಯ ಮಾತಾಗಿರಲಿಲ್ಲ. ಕಾವ್ಯ ಓದುವವರ ಹಿಂದೆ ಕೂತು ಕೇಳಿ ಬೆಳೆದವರು ನಮ್ಮಪ್ಪ. ಬೆಂಚಿನ ಕೆಲಸವನ್ನೂ ಅದೇ ಧಾಟಿಯಲ್ಲಿ ಹೇಳಿಕೊಡುತ್ತಿದ್ದರು. *ಜಾರುವೆಡೆಗೆಣ್ಣೆ, ಜಿಗಿಯುವೆಡೆ ಬರಿದು. ಕಂಡೂ ಕಾಣದಷ್ಟು, ಕಂಡರದು ಹೆಚ್ಚು.* ಜಿಗಿಯುವುದು ಅಂದರೆ ಪಿನ್ನು. ಕುದುರೆ ಎಳೆದಾಗ ಮುನ್ನುಗ್ಗಿ ಗುಂಡಿನ ತಳಕ್ಕೆ ಬಡಿಯುವ ಮೊಳೆ. ಅದು ಓಡಾಡುವ ಕಿರಿದಾದ ಹಾದಿಗೆ ಎಣ್ಣೆಯ ನೆರಳೂ ಬೀಳಬಾರದು.

ಇನ್ಸ್‌ಪೆಕ್ಟರ್ ಗಡಿಯಾರ ನೋಡಿ ಎದ್ದರು. ಠಾಣೆಗೆ ಹೋಗಿ ಒಂದು ಗಂಟೆಯಲ್ಲಿ ಬರುವುದಾಗಿಯೂ ಪೇದೆ ಬಾಗಿಲು ಬಿಟ್ಟು ಕದಲುವುದಿಲ್ಲವೆಂದೂ ಹೇಳಿದರು.

"ಇರೋದನ್ನ ಹುಡುಕಿ. ಇಲ್ಲದ್ದನ್ನ ಹುಡುಕಬೇಡಿ, ಅಕ್ಕ," ಎಂದು ಹೊರಟರು.

*

ಹಿಡಿಯ ಮೇಲೆ, ಕುದುರೆಯ ಸುತ್ತ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಓಡುತ್ತಿದ್ದ ಕೊಲೆಗಾರನಿಂದ ತಮ್ಮನ ತಲೆಗೆ ಏಟು ಬಿದ್ದಾಗ ಪಿಸ್ತೂಲು ಚರಂಡಿಗೆ ಬಿದ್ದಿತ್ತಂತೆ. ಆದರೆ ಮೇಲಿನ ಸ್ಲೈಡು, ಹಿಂದೆ ಮುಂದೆ ಜಾರುವ ಕಬ್ಬಿಣದ ಭಾಗ, ಸ್ನಾನ ಮಾಡಿಸಿ ಒರೆಸಿದ ಮಗುವಿನ ಹಾಗಿತ್ತು.

ಕೆಸರಿಗೆ ಬಿದ್ದದ್ದು ಅರ್ಧ ಪಿಸ್ತೂಲೇ?

ಗುರಿ ನೋಡುವ ಮೊನೆಯ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ಮಬ್ಬು ಬೆಳಕಿನಲ್ಲಿ ಕಣ್ಣಿಗೆ ಸಿಗಲೆಂದು ಇಟ್ಟ ಬಣ್ಣ. ಅದು ಕರಗಿ ಅಳಿಸಿಹೋಗಿ, ಬುಡದಲ್ಲಿ ಹಾಲು ಚೆಲ್ಲಿದಂಥ ಗೀರು ಉಳಿದಿತ್ತು. ಸೀಮೆಎಣ್ಣೆಗೆ ಆ ಬಣ್ಣ ಜಗ್ಗುವುದಿಲ್ಲ. ನಮ್ಮ ಕಪಾಟಿನ ಯಾವ ಸೀಸೆಗೂ ಜಗ್ಗುವುದಿಲ್ಲ. ಬಣ್ಣ ಬಳಿಯುವವರು ಕೈ ತೊಳೆಯುವ ಥಿನ್ನರ್‌ಗೆ ಜಗ್ಗುತ್ತದೆ. ಪಿಸ್ತೂಲಿಗೆ ಥಿನ್ನರ್ ಹಾಕುವುದು ಬೇರೆ ಯಾವುದಕ್ಕೂ ಬಗ್ಗದ ಅಂಟು ಎದುರಾದಾಗ ಮಾತ್ರ.

ನೀರು ಕುಡಿದೆ. ಆಮೇಲೆ ಸಣ್ಣ ಉಳಿಯಿಂದ ಒತ್ತಿ ಪಿನ್ನನ್ನು ಹೊರತೆಗೆದೆ.

ಹಾದಿ ಸ್ವಚ್ಛವಾಗಿತ್ತು. ತೊಳೆದು ಬರಿದು ಮಾಡಿದ್ದರು. ಆದರೂ ಹಲ್ಲುಕಡ್ಡಿಯ ತುದಿಗೆ ಬಟ್ಟೆ ಸುತ್ತಿ ತಳದ ಮೂಲೆಯಲ್ಲಿ ತಿರುಗಿಸಿದೆ. ಒಂದು ಸಲ, ಎರಡು ಸಲ. ಮೂರನೆಯ ಸಲ ಏನೋ ತಡೆಯಿತು. ಬೆಣ್ಣೆಯಿಂದ ಕೂದಲೆಳೆಯುವ ಹಾಗೆ ಎಳೆದೆ.

ಬಿಳಿ ಬಟ್ಟೆಯ ಮೇಲೆ ಎಳ್ಳಿನ ಸಿಪ್ಪೆಯಷ್ಟು ಚೂರು. ಜೇನಿನ ಬಣ್ಣ. ಉಗುರಿನಲ್ಲಿ ಒತ್ತಿದರೆ ಗಾಜಿನ ಹಾಗೆ ಸಿಡಿಯಿತು.

ಅಗಸೆ ಎಣ್ಣೆ, ಒಣಗಿ ಗಟ್ಟಿಯಾದದ್ದು.

ತಮ್ಮ ನಿಜ ಹೇಳಿದ್ದ. ಕುದುರೆ ಎಳೆದಿದ್ದ. ಪಿನ್ನು ಗೋಂದಿನಲ್ಲಿ ಸಿಕ್ಕ ನೊಣದ ಹಾಗೆ ತಡವರಿಸಿ ಹೋಗಿ ಮುಟ್ಟಿತ್ತು, ಬಡಿದಿರಲಿಲ್ಲ. ದೇವರೇ ಅಂದೆ. ಕಣ್ಣಲ್ಲಿ ನೀರು ಬಂತು.

ಆ ನೀರು ಒರೆಸಿಕೊಂಡು ಮತ್ತೆ ನೋಡಿದಾಗ ಇನ್ನೊಂದು ಕಂಡಿತು.

ಸ್ಲೈಡಿನ ಎರಡು ಹಳಿಗಳಿಗೆ ಒಂದೊಂದು ತೊಟ್ಟು. ನಳಿಗೆಯ ಭುಜಕ್ಕೆ ಒಂದು. ಕುದುರೆಯ ಕೀಲಿಗೆ ಒಂದು. ಬಳಿದಿರಲಿಲ್ಲ, ಕಡ್ಡಿಯ ತುದಿಯಿಂದ ಇಟ್ಟಿದ್ದರು. ಹೊಸ ಎಣ್ಣೆ, ಇಟ್ಟ ಮೇಲೆ ಸ್ಲೈಡನ್ನು ಒಮ್ಮೆಯೂ ಎಳೆದಿರಲಿಲ್ಲ. ತೊಟ್ಟುಗಳು ಇಟ್ಟಲ್ಲೇ ದುಂಡಗೆ ಕೂತಿದ್ದವು.

ಥಿನ್ನರ್‌ನಲ್ಲಿ ತೊಳೆದ ಕಬ್ಬಿಣ ಬೆತ್ತಲೆ ಕಬ್ಬಿಣ, ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ಗುರುತು ಅಳಿಸಲು ಕೂತವನಿಗೆ ತುಕ್ಕಿನ ಚಿಂತೆ ಯಾಕೆ? ಒಣಗಿದ ಪಿಸ್ತೂಲನ್ನು ಹಾಗೇ ಬಿಟ್ಟೇಳಲು ಅವನ ಕೈ ಒಪ್ಪಲಿಲ್ಲ, ಅಷ್ಟೆ. ಕೊಲೆ ಮುಚ್ಚುತ್ತಿರುವಾಗಲೂ ಕೈ ತನ್ನ ಪಾಠ ಒಪ್ಪಿಸಿತ್ತು.

ನಾಲ್ಕು ತೊಟ್ಟು, ಆ ನಾಲ್ಕು ಜಾಗ. ಅದು ಅಪ್ಪನ ಪಾಠ. ಅಪ್ಪ ಅದನ್ನು ಕಲಿಸಿದ್ದು ಮೂವರಿಗೆ. ನನಗೆ, ತಮ್ಮನಿಗೆ, ಮತ್ತೆ ಮದುವೆ ಮಕ್ಕಳು ಬೇಡವೆಂದು ನಮ್ಮ ಮನೆಯಲ್ಲೇ ಉಂಡು ಬೆಳೆದ ಶಿಷ್ಯನಿಗೆ. ಅವರು ಆಮೇಲೆ ಇಲಾಖೆಯ ಶಸ್ತ್ರಾಗಾರದ ಮುಖ್ಯಸ್ಥರಾದರು. ರಕ್ತಸಂಬಂಧ ಇಲ್ಲದಿದ್ದರೂ ನಾವು ಚಿಕ್ಕಪ್ಪ ಎಂದೇ ಕರೆದೆವು. ಅಪ್ಪ ಹೋದ ದಿನ ನನ್ನ ತಲೆಯನ್ನು ಎದೆಗೊತ್ತಿಕೊಂಡು ನಿಂತವರು ಅವರೇ.

ತಮ್ಮ ಮಂಗಳವಾರದಿಂದ ಲಾಕಪ್ಪಿನಲ್ಲಿದ್ದಾನೆ. ಪಿಸ್ತೂಲನ್ನು ನಾನು ನೋಡುತ್ತಿರುವುದೇ ಈಗ.

'ಸಿಕ್ಕ ಸ್ಥಿತಿಯಲ್ಲೇ ಪರೀಕ್ಷಿಸಿದೆ, ದೋಷವಿಲ್ಲ' ಎಂದು ಬರೆದ ವರದಿಯ ಕೆಳಗಿನ ಸಹಿ ಅವರದು.

ಹೊರಗೆ ಪೇದೆಯ ಬೂಟುಗಳು ಒಂದಕ್ಕೊಂದು ಬಡಿದವು. ಯಾರಿಗೋ ಸಲಾಮು ಹೊಡೆದಿದ್ದ. ಮೆಲ್ಲನೆ ಒಂದು ಮಾತು. ಆಮೇಲೆ ಅದೇ ಬೂಟುಗಳು ಮೆಟ್ಟಿಲಿಳಿದು, ಬೀದಿ ದಾಟಿ, ದೂರವಾದವು.

*

"ಊಟ ಆಯ್ತಾ ಮಗಳೇ?"

ಚಿಕ್ಕಪ್ಪ ಒಳಗೆ ಬಂದು ಅಪ್ಪನ ಸ್ಟೂಲಿನ ಮೇಲೆ ಕೂತರು. ಕೋಟಿನ ಗುಂಡಿ ಹಾಕಿತ್ತು, ಈ ಸೆಕೆಯಲ್ಲೂ. ಸಾಕ್ಷ್ಯ ಇಡುವ ಮಾಲುಕೋಣೆಯಲ್ಲಿ ಪಿಸ್ತೂಲು ಇರಲಿಲ್ಲವಂತೆ, ಪುಸ್ತಕದಲ್ಲಿ ಇನ್ಸ್‌ಪೆಕ್ಟರರ ಸಹಿ ಇತ್ತಂತೆ, ಇನ್ನೆಲ್ಲಿಗೆ ಹೋಗುತ್ತದೆ ಅಂದುಕೊಂಡು ಬಂದರಂತೆ. ಪೇದೆಗೆ ಠಾಣೆಯಲ್ಲಿ ತುರ್ತು ಕೆಲಸ ಇದೆಯೆಂದು ಹೇಳಿ ಕಳಿಸಿದರಂತೆ. ಎಲ್ಲವನ್ನೂ ಸಂತೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು. ಹೇಳುತ್ತಲೇ ಬೆಂಚಿನ ಮೇಲಿನ ಬಿಳಿ ಬಟ್ಟೆಯನ್ನು ನೋಡಿದರು.

"ಸಿಕ್ತಾ?"

"ಏನು ಚಿಕ್ಕಪ್ಪ?"

"ಸುಳ್ಳು ಹೇಳೋ ವಿದ್ಯೆ ನಿಮ್ಮಪ್ಪನಿಗೂ ಬರ್ತಿರಲಿಲ್ಲ. ಆ ಬಿಳಿ ಚುಕ್ಕೆ ಕರಗಿದಾಗಲೇ ಅಂದ್ಕೊಂಡೆ, ಇದು ನಿನ್ನ ಕಣ್ಣಿಗೆ ಬಿದ್ರೆ ಮುಗೀತು ಅಂತ."

"ನೀವೇ ತೊಳೆದ್ರಾ?"

"ನಾನೇ. ನಿನಗೋಸ್ಕರ."

ಅವರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಚೂರು ಒಳಗೇ ಇರುವಂತೆ, ಕೋಟಿನ ಜೇಬಿಗೆ ಹಾಕಿಕೊಂಡರು. ನನ್ನ ತಮ್ಮನನ್ನು ಉಳಿಸಬಲ್ಲ ವಸ್ತು ಜಗತ್ತಿನಲ್ಲಿ ಅದೊಂದೇ ಇತ್ತು. ಅದು ಜೇಬಿಗೆ ಹೋದದ್ದನ್ನು ನಾನು ನೋಡುತ್ತ ಕೂತೆ.

ಆಮೇಲೆ ಅವರು ಹೇಳಿದ್ದು ಇಷ್ಟು. ಪಿಸ್ತೂಲು ಬಿಚ್ಚಿದಾಗ ಪಿನ್ನಿನ ಹಾದಿ ತುಂಬ ಅಂಟು. ನೋಡಿದ ಕೂಡಲೇ ಅಗಸೆ ಎಣ್ಣೆ ಎಂದು ಗೊತ್ತಾಯಿತು. ತಮ್ಮನ ಪೆಟ್ಟಿಗೆ ತೆರೆಸಿದರು. ಅಲ್ಲಿ ಒಂದು ಸಣ್ಣ ಸೀಸೆ, ಮೇಲೆ ನನ್ನ ಅಕ್ಷರ. ತಿಂಗಳ ಮೊದಲ ದಿನ ತಮ್ಮನಿಗೆ ಒಂದು ಸೀಸೆ ಎಣ್ಣೆ ತುಂಬಿಸಿ ಕೊಡುವುದು ನನ್ನ ರೂಢಿ, ಅದು ಅವರಿಗೂ ಗೊತ್ತು. ನನ್ನ ಕಪಾಟಿನಲ್ಲಿ ಮರದ ಎಣ್ಣೆಯೂ ಕಬ್ಬಿಣದ ಎಣ್ಣೆಯೂ ಒಂದೇ ತರಹದ ಸೀಸೆಯಲ್ಲಿ ಇರುತ್ತವೆ, ಅದೂ ಗೊತ್ತು.

"ಒಂದನೇ ತಾರೀಕು ಕೈ ತಪ್ಪಿತು ನಿಂದು. ತಪ್ಪು ಯಾರಿಗಾಗಲ್ಲ? ಆದ್ರೆ ಸತ್ತಿರೋದು ನ್ಯಾಯಾಧೀಶರು. ಅಕ್ಕ ಎಣ್ಣೆ ಕೊಟ್ಲು, ತಮ್ಮ ಹಾಕ್ದ, ಪಿಸ್ತೂಲು ಕೈಕೊಟ್ಟಿತು. ಇದನ್ನ ಯಾರಾದ್ರೂ ಮರೆವು ಅಂತ ನಂಬ್ತಾರಾ? ಒಬ್ಬನ ಬದಲು ಇಬ್ಬರು ಹೋಗ್ತೀರಿ."

ಬೆಂಚಿನ ಅಂಚು ಹಿಡಿದುಕೊಂಡೆ. ಕಪಾಟಿನ ಕಡೆ ನೋಡಿದೆ.

ಸೀಸೆಗಳು ಒಂದೇ ತರಹದವು, ನಿಜ. ಚೀಟಿಗಳು ಎಣ್ಣೆ ಕುಡಿದು ಮಸುಕಾಗಿದ್ದವು, ನಿಜ. ಬದಲಿಸಬೇಕೆಂದು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ನನ್ನ ಕೈಯಿಂದಲೇ. ಕಣ್ಣ ಮುಂದೆ ನ್ಯಾಯಾಲಯದ ಮೆಟ್ಟಿಲುಗಳು, ತಮ್ಮ ಪಿಸ್ತೂಲು ಹಿಡಿದು ಒತ್ತಿದ್ದು, ಟಕ್, ಆ ಕ್ಷಣಕ್ಕೆ ಅವನ ಮುಖ. ಅವನು ಇಲ್ಲಿಯವರೆಗೆ ಯಾರಿಗೂ ಸೀಸೆಯ ಮಾತೇ ಎತ್ತಿಲ್ಲ. ನನ್ನನ್ನು ಉಳಿಸಲೆಂದು ಸುಮ್ಮನಿದ್ದಾನೆಯೇ?

"ಏನು ಮಾಡ್ಲಿ ಚಿಕ್ಕಪ್ಪ?"

"ಬರೆ."

ಮೇಜಿನ ಮೇಲಿನ ಕಾಗದವನ್ನು ನನ್ನತ್ತ ತಳ್ಳಿದರು. ಒಂದೊಂದೇ ಮಾತು ಬಿಡಿಸಿ ಹೇಳಿದರು, ಮಗುವಿಗೆ ಕಾಗುಣಿತ ಹೇಳುವ ಹಾಗೆ. ಪಿಸ್ತೂಲು ನೋಡಿದೆ. ದೋಷವಿಲ್ಲ. ಸಹಿ ಹಾಕು. ತಮ್ಮನಿಗೆ ಒಳ್ಳೆಯ ವಕೀಲರನ್ನು ತಾವು ಇಡುವುದಾಗಿ ಹೇಳಿದರು. ನಾಲ್ಕೈದು ವರ್ಷ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಳೆಯುತ್ತದೆ ಎಂದರು.

ನಾನು ಪೆನ್ನು ಹಿಡಿದೆ. ಹೆಸರು ಬರೆದೆ. ತಾರೀಕು ಬರೆಯಬೇಕಾಯಿತು.

ಶುಕ್ರವಾರ, ಇಪ್ಪತ್ತೆರಡು.

ಇಪ್ಪತ್ತೆರಡು ಎಂದು ಬರೆದ ಕೈ ಅಲ್ಲೇ ನಿಂತಿತು.

ಈ ತಿಂಗಳು ನಾನು ಒಂದನೇ ತಾರೀಕು ಅಂಗಡಿಯಲ್ಲಿರಲಿಲ್ಲ. ಜ್ವರ ಬಂದು ಎರಡು ವಾರಕ್ಕೂ ಮೇಲೆ ಹಾಸಿಗೆ ಹಿಡಿದಿದ್ದೆ. ಬಾಗಿಲು ತೆಗೆದದ್ದೇ ಸೋಮವಾರ, ಹದಿನೆಂಟಕ್ಕೆ. ಅವತ್ತು ಸಂಜೆ ತಮ್ಮ ಬಂದ. ಮುಖ ಬತ್ತಿಹೋಗಿದೆ ಎಂದು ಬೈದ. ಸೀಸೆ ತಗೊಂಡು ಹೋದ. ಮಾರನೆಯ ಬೆಳಿಗ್ಗೆ ಕೊಲೆ.

ನಾನು ತಪ್ಪಿ ಅಗಸೆ ಎಣ್ಣೆಯನ್ನೇ ತುಂಬಿಸಿದ್ದೆ ಎಂದುಕೊಳ್ಳೋಣ. ಒಂದು ರಾತ್ರಿಯಲ್ಲಿ ಅಗಸೆ ಎಣ್ಣೆ ಗೋಂದಾಗುವುದಿಲ್ಲ. ಮರದ ಹಿಡಿಗೆ ತೆಳುವಾಗಿ ಬಳಿದು ಬಿಸಿಲಿಗಿಟ್ಟರೂ ಮೂರು ದಿನ ಬೇಕು. ಕಬ್ಬಿಣದ ಕತ್ತಲ ಕೊಳವೆಯೊಳಗೆ ಗಾಜಿನ ಹಾಗೆ ಸಿಡಿಯುವಷ್ಟು ಗಟ್ಟಿಯಾಗಬೇಕಾದರೆ ಎರಡು ವಾರವಾದರೂ ಹಿಡಿಯುತ್ತದೆ.

ಅದಲ್ಲದೆ ಪಿನ್ನಿನ ಹಾದಿಯನ್ನು ತಮ್ಮ ಬಿಚ್ಚುವಂತಿಲ್ಲ. ಕಾವಲಿನವರು ನಳಿಗೆ ಬಿಚ್ಚಿ ಒರೆಸಬಹುದು, ಅಷ್ಟೇ. ಪಿನ್ನು ತೆಗೆಯುವುದು ಶಸ್ತ್ರಾಗಾರದಲ್ಲಿ, ತಿಂಗಳಿಗೊಮ್ಮೆ, ಒಂದನೇ ತಾರೀಕು. ತೆಗೆಯುವ ಕೈ ಒಂದೇ.

ಚಿಕ್ಕಪ್ಪನಿಗೆ ನನ್ನ ರೂಢಿ ಗೊತ್ತಿತ್ತು. ನನ್ನ ಜ್ವರ ಗೊತ್ತಿರಲಿಲ್ಲ. ಅವರು ನೋಡಲು ಬಂದಿರಲಿಲ್ಲ. ಎಂದೂ ತಪ್ಪಿಸದವರು ಈ ಸಲ ಯಾಕೆ ಬರಲಿಲ್ಲವೆಂದು ನಾನು ಹಾಸಿಗೆಯಲ್ಲಿ ಮಲಗಿ ಬೇಸರ ಪಟ್ಟುಕೊಂಡಿದ್ದೆ.

"ಯಾಕೆ ನಿಲ್ಸಿದೆ?"

"ಕೈ ನಡುಗ್ತಿದೆ."

ಅದು ಸುಳ್ಳಾಗಿರಲಿಲ್ಲ. ಮೊದಲು ನಡುಗಿದ್ದು ನಾನು ಮಾಡಿದ್ದಕ್ಕೆ, ಈಗ ಅವರು ಮಾಡಿದ್ದಕ್ಕೆ. ಎದುರಿನ ಸ್ಟೂಲಿನಲ್ಲಿ ಕೂತಿರುವುದು ಅದೇ ಮುಖ, ಅದೇ ಕನ್ನಡಕ, ಕಿವಿಯ ಮೇಲೆ ಅದೇ ಹಲ್ಲುಕಡ್ಡಿ. ಅದರ ತುದಿಯಿಂದ ತೊಟ್ಟು ಇಡುವುದನ್ನು ನನಗೆ ಹಿಡಿದು ತೋರಿಸಿದ್ದೇ ಅವರು. ನಾನು ತಲೆ ತಗ್ಗಿಸಿ ಬರೆಯುವವಳ ಹಾಗೆ ನಟಿಸಿದೆ. ಒಂದಕ್ಷರಕ್ಕೆ ಒಂದು ಉಸಿರು. ದೇವರೇ, ಆ ಇನ್ಸ್‌ಪೆಕ್ಟರ್ ಬರಲಿ. ದೇವರೇ, ಬರದಿರಲಿ. ಯಾವುದನ್ನು ಬೇಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ.

ಅವರು ಬಂದರು. ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ.

ಬಾಗಿಲಲ್ಲಿ ಪೇದೆ ಇಲ್ಲದ್ದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಒಳಗೆ ಚಿಕ್ಕಪ್ಪನನ್ನು ಕಂಡು ನಮಸ್ಕಾರ ಹೇಳಿದರು. ಚಿಕ್ಕಪ್ಪ ನಗುತ್ತ ಎದ್ದು, ನಮ್ಮ ಹುಡುಗಿಯೂ ಅದೇ ಮಾತು ಹೇಳ್ತಾಳೆ ನೋಡಿ, ಬರೆದೂ ಆಯ್ತು, ಎಂದು ಕಾಗದಕ್ಕೆ ಕೈ ಚಾಚಿದರು.

ಆ ಕಾಗದದ ಮೇಲೆ ನನ್ನ ಹೆಸರು ಮತ್ತು ತಾರೀಕು ಬಿಟ್ಟರೆ ಇನ್ನೇನೂ ಇರಲಿಲ್ಲ. ನಾನು ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದೆ. ಸಂಜೆ ಐದರ ಸಹಿ ನೆನಪಾಯಿತು. ಲಾಕಪ್ಪಿನ ಕಂಬಿಯಾಚೆ ತಲೆಗೆ ಪಟ್ಟಿ ಕಟ್ಟಿಕೊಂಡು ಕೂತ ತಮ್ಮ ನೆನಪಾದ.

"ಪಿಸ್ತೂಲು ತೊಳೆದಿದಾರೆ ಸಾರ್," ಅಂದೆ. "ಕೊಲೆಯಾದ ಮೇಲೆ. ಪಿನ್ನಿನ ಹಾದಿಯಲ್ಲಿ ಅಗಸೆ ಎಣ್ಣೆ ಗಟ್ಟಿಯಾಗಿತ್ತು. ಅದನ್ನ ಹಾಕಿದ್ದು ಒಂದನೇ ತಾರೀಕು. ತೊಳೆದಿದ್ದು ಆಮೇಲೆ. ಎರಡೂ ಮಾಡಿದೋರು ಒಬ್ಬರೇ. ಉಳಿದ ಚೂರು ಅವರ ಕೋಟಿನ ಜೇಬಲ್ಲಿದೆ."



ಚಿಕ್ಕಪ್ಪ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಶಿಷ್ಯೆಯನ್ನು ನೋಡುವ ನೋಟ. ಅವರು ಕೋಟಿನ ಮೊದಲ ಗುಂಡಿ ಬಿಚ್ಚಿದರು.

"ಅಲ್ಲೇ ನಿಲ್ಲಿ," ಅಂದರು ಇನ್ಸ್‌ಪೆಕ್ಟರ್. ಸೊಂಟದಿಂದ ಪಿಸ್ತೂಲು ಹಿರಿದು ಅವರ ಎದೆಗೆ ಹಿಡಿದಾಗಿತ್ತು. "ಕೈ ಮೇಲೆ."

ಚಿಕ್ಕಪ್ಪ ಕೈ ಎತ್ತಲಿಲ್ಲ. ಎದೆಗೆ ಗುರಿಯಿಟ್ಟ ನಳಿಗೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎರಡನೆಯ ಗುಂಡಿ ಬಿಚ್ಚಿದರು, ಮನೆಗೆ ಬಂದು ಬಟ್ಟೆ ಬದಲಿಸುವವರ ಸಾವಧಾನದಲ್ಲಿ.

ಹೆದರಿಕೆಯೇ ಇಲ್ಲವಲ್ಲ ಎಂದು ನಾನು ಅಂದುಕೊಂಡೆ. ಮರುಗಳಿಗೆಗೆ ಯಾಕೆಂದು ಹೊಳೆಯಿತು.

ಒಂದನೇ ತಾರೀಕು ಅವರ ಬೆಂಚಿಗೆ ಬರುವುದು ತಮ್ಮನ ಪಿಸ್ತೂಲೊಂದೇ ಅಲ್ಲ. ಇಡೀ ಇಲಾಖೆಯದು ಬರುತ್ತದೆ. ಸಾಲಾಗಿ. ಈ ಇನ್ಸ್‌ಪೆಕ್ಟರರದ್ದೂ.

ಇನ್ಸ್‌ಪೆಕ್ಟರರ ಬೆರಳು ಕುದುರೆಯ ಮೇಲಿತ್ತು. ನಾನು ಬಾಯಿ ತೆರೆದೆ. ಚಿಕ್ಕಪ್ಪ ನನ್ನತ್ತ ತಿರುಗಿ, ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದರು. ಅವರ ಕೈ ಕೋಟಿನೊಳಗೆ ಹೋಗಿತ್ತು.

ಚಿಕ್ಕಪ್ಪ ಆ ಕೋಟಿನೊಳಗಿನ ಪಿಸ್ತೂಲಿಗೆ ನಾಲ್ಕೇ ತೊಟ್ಟು ಇಟ್ಟಿರುತ್ತಾರೆ. ಪಿನ್ನಿನ ಹಾದಿ ಬರಿದಾಗಿರುತ್ತದೆ.